ಹೋಗೋಕೆ ಮೂರು ಗಂಟೆ, ಬರೋಕೆ ಏಳು: ನೈರೋಬಿಯಿಂದ ಲೇಗೋಸ್ ಎಷ್ಟು ದೂರ?

ನಮ್ಮ ಪಕ್ಕದ ಮನೆ ಆಂಟಿಯ ಮಗ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಆಫೀಸ್ ಕೆಲಸದ ಮೇಲೆ ನೈಜೀರಿಯಾದ ಲೇಗೋಸ್‌ಗೆ ಹೊರಟಿದ್ದ. ಟಿಕೆಟ್ಟಿನ ಫೋಟೋವನ್ನು ಅಮ್ಮನಿಗೆ ಕಳಿಸಿದ್ದ. ಸಂಜೆ ಆಂಟಿ ಫೋನ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು.

"ನೋಡಪ್ಪ, ಹೋಗುವಾಗ ಬೆಳಿಗ್ಗೆ ಎಂಟಕ್ಕೆ ಹೊರಟು ಹನ್ನೊಂದಕ್ಕೆ ಇಳೀತಾನೆ. ಬರುವಾಗ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದರೆ ರಾತ್ರಿ ಏಳಕ್ಕೆ ಇಳಿಯೋದು. ಅದೇ ದಾರಿ ತಾನೆ? ಹೋಗೋಕೆ ಮೂರು ಗಂಟೆ, ಬರೋಕೆ ಏಳು ಗಂಟೆ ಹೇಗಾಗತ್ತೆ? ಬರ್ತಾ ಎಲ್ಲಾದ್ರೂ ನಿಲ್ಲಿಸ್ತಾರಾ?"

ಎಲ್ಲೂ ನಿಲ್ಲಿಸುವುದಿಲ್ಲ. ಎರಡೂ ಕಡೆಗೆ ಹಿಡಿಯುವುದು ಸುಮಾರು ಐದು ಗಂಟೆಯೇ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನ ಗಡಿಯಾರದ್ದು. ಕೀನ್ಯಾದ ಗಡಿಯಾರ ನೈಜೀರಿಯಾದ ಗಡಿಯಾರಕ್ಕಿಂತ ಎರಡು ಗಂಟೆ ಮುಂದಿದೆ. ಪಶ್ಚಿಮಕ್ಕೆ ಹೋಗುವಾಗ ಎರಡು ಗಂಟೆ ಕೈಗೆ ಸಿಗುತ್ತದೆ, ವಾಪಸ್ ಬರುವಾಗ ಅದನ್ನೇ ಕಿತ್ತುಕೊಳ್ಳುತ್ತಾರೆ.

ಇದಕ್ಕೊಂದು ಸುಲಭದ ಲೆಕ್ಕವಿದೆ. ಟಿಕೆಟ್ಟಿನಲ್ಲಿ ಕಾಣುವ ಎರಡೂ ಸಮಯ ಕೂಡಿಸಿ: 3 ಮತ್ತು 7, ಒಟ್ಟು 10. ಅದರ ಅರ್ಧ 5. ಅದೇ ನಿಜವಾದ ಪ್ರಯಾಣದ ಹೊತ್ತು. ಈಗ ಏಳರಲ್ಲಿ ಮೂರು ಕಳೆಯಿರಿ, 4. ಅದರ ಅರ್ಧ 2. ಅದು ಎರಡು ಊರಿನ ಗಡಿಯಾರಗಳ ಅಂತರ. ಯಾವ ದೇಶದ ಸಮಯ ಎಷ್ಟು ಅಂತ ಗೊತ್ತಿಲ್ಲದೆಯೂ ಟಿಕೆಟ್ ಒಂದನ್ನೇ ಇಟ್ಟುಕೊಂಡು ಇಷ್ಟು ಹೇಳಬಹುದು. (ಆಂಟಿಯ ಟಿಕೆಟ್ಟಿನಲ್ಲಿ ಆಚೆ ಈಚೆ ಕೆಲವು ನಿಮಿಷ ಇದ್ದವು. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು ಬಿಟ್ಟಿದ್ದೇನೆ.)

ಆಂಟಿ ತಲೆಯಾಡಿಸಿದರು. ಆಮೇಲೆ ಅಸಲಿ ಪ್ರಶ್ನೆ ಬಂತು. "ಸರಿ, ಆದ್ರೆ ಎರಡೂ ಆಫ್ರಿಕಾನೇ ಅಲ್ವಾ? ಅಲ್ಲಿಂದಲ್ಲಿಗೆ ಐದು ಗಂಟೆ ಯಾಕೆ ಬೇಕು?"

ಈ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಹೇಳೋಕಾಗಲ್ಲ. ದೂರ ಅನ್ನುವುದಕ್ಕೆ ಒಂದು ಅಂಕಿ ಸಾಕು. ಎಷ್ಟು ಹೊತ್ತು ಅನ್ನುವುದಕ್ಕೆ ಮಾತ್ರ ಭೂಮಿ, ಗಾಳಿ, ಬೆಟ್ಟ, ಮೋಡದ ಜೊತೆ ಸರ್ಕಾರಗಳೂ ಬಂದು ಸೇರಿಕೊಳ್ಳುತ್ತವೆ. ಆಫ್ರಿಕಾದಲ್ಲಂತೂ ಕೊನೆಯದ್ದರ ಪಾಲು ಜಾಸ್ತಿ.

ದಾರ ಎಳೆದು ಅಳೆಯೋಣ

ಮೊದಲು ಗಾತ್ರ. ಶಾಲೆಯ ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆ ನಮಗೆಲ್ಲ ಸ್ವಲ್ಪ ಮೋಸ ಮಾಡಿದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ನಿಜದಲ್ಲಿ ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ 14 ಪಟ್ಟು ದೊಡ್ಡದು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಧ್ರುವಗಳ ಕಡೆಯ ನೆಲ ಹಿಗ್ಗುತ್ತದೆ. ನಡುವಿನದ್ದು ಹಾಗೇ ಉಳಿಯುತ್ತದೆ. ಆಫ್ರಿಕಾ ಇರುವುದೇ ನಡುವಿನಲ್ಲಿ. ಅದರ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ನಮ್ಮ ದೇಶದ ಒಂಬತ್ತು ಪಟ್ಟು. "ಎರಡೂ ಆಫ್ರಿಕಾನೇ" ಅನ್ನುವ ಮಾತು "ಎರಡೂ ಏಷ್ಯಾನೇ" ಅಂದ ಹಾಗೆ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತನ್ನಿ. ಒಂದು ತುದಿ ನೈರೋಬಿಯ ಮೇಲೆ, ಇನ್ನೊಂದು ತುದಿ ಲೇಗೋಸ್ ಮೇಲೆ ಬರುವ ಹಾಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಅತಿ ಹತ್ತಿರದ ದಾರಿಗೆ ಬಂದು ಕೂರುತ್ತದೆ. ವಿಮಾನದ ದೂರ ಅಂತ ಎಲ್ಲರೂ ಹೇಳುವುದು ಈ ದಾರದ ಉದ್ದವನ್ನೇ.

ಗ್ಲೋಬ್ ಇಲ್ಲವೇ? ಈ ಎರಡು ಊರಿನ ಮಟ್ಟಿಗೆ ಹೈಸ್ಕೂಲಿನ ಪೈಥಾಗೊರಸ್ ಸಾಕು. ನೈರೋಬಿ ವಿಮಾನ ನಿಲ್ದಾಣ ಭೂಮಧ್ಯರೇಖೆಯಿಂದ 1.3 ಡಿಗ್ರಿ ದಕ್ಷಿಣಕ್ಕಿದೆ. ಲೇಗೋಸಿನದ್ದು 6.6 ಡಿಗ್ರಿ ಉತ್ತರಕ್ಕೆ. ಒಂದು ಈ ಕಡೆ, ಒಂದು ಆ ಕಡೆ ಇರುವುದರಿಂದ ಕೂಡಿಸಬೇಕು: 7.9 ಡಿಗ್ರಿ. ಪೂರ್ವ ಪಶ್ಚಿಮದ ಲೆಕ್ಕದಲ್ಲಿ ನೈರೋಬಿ 36.9ರಲ್ಲಿ, ಲೇಗೋಸ್ 3.3ರಲ್ಲಿ. ಎರಡೂ ಗ್ರೀನಿಚ್‌ನಿಂದ ಪೂರ್ವಕ್ಕೇ ಇವೆ, ಹಾಗಾಗಿ ಇಲ್ಲಿ ಕಳೆಯಬೇಕು: 33.6 ಡಿಗ್ರಿ. ಈಗ 7.9ರ ವರ್ಗ, 33.6ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 34.5 ಡಿಗ್ರಿ ಬರುತ್ತದೆ. ಒಂದು ಡಿಗ್ರಿ ಅಂದರೆ ಭೂಮಿಯ ಮೇಲೆ 111 ಕಿಲೋಮೀಟರ್. ಗುಣಿಸಿ, ಸುಮಾರು 3,830 ಕಿ.ಮೀ.

ಕಂಪ್ಯೂಟರ್ ಕೊಡುವ ಉತ್ತರವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಇಲ್ಲಿ ಎರಡೂ ಊರು ಭೂಮಧ್ಯರೇಖೆಯ ಪಕ್ಕದಲ್ಲಿವೆ, ಅಲ್ಲಿ ರೇಖಾಂಶಗಳ ನಡುವಿನ ಅಂತರ ಪೂರ್ತಿ 111 ಕಿ.ಮೀ. ಇರುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಹೋದ ಹಾಗೆಲ್ಲ ಆ ಗೆರೆಗಳು ಕಿತ್ತಳೆ ತೊಳೆಯ ಹಾಗೆ ಕಿರಿದಾಗುತ್ತಾ ಹೋಗುತ್ತವೆ. ಬೆಂಗಳೂರು ಲಂಡನ್ ನಡುವೆ ಈ ಲೆಕ್ಕ ಹಾಕಲು ಹೋದರೆ ಕೆಡುತ್ತದೆ. ಕೈರೋದಿಂದ ಜೊಹಾನ್ಸ್‌ಬರ್ಗ್‌ಗೆ ಮಾತ್ರ ಇನ್ನೂ ಸುಲಭ. ಎರಡೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಮೇಲೆ ಕೆಳಗೆ ಇವೆ. ಉತ್ತರಕ್ಕೆ 30, ದಕ್ಷಿಣಕ್ಕೆ 26, ಒಟ್ಟು 56 ಚಿಲ್ಲರೆ ಡಿಗ್ರಿ. ಗುಣಿಸಿದರೆ ಸುಮಾರು 6,250 ಕಿ.ಮೀ. ಬಾಯಲ್ಲೇ ಹೇಳಬಹುದು.

ನಮಗೆ ಗೊತ್ತಿರುವ ದೂರಕ್ಕೆ ಹೋಲಿಸಿದರೆ, ಬೆಂಗಳೂರಿನಿಂದ ನೈರೋಬಿಗೆ ಅರಬ್ಬಿ ಸಮುದ್ರ ದಾಟಿ ಸುಮಾರು 4,780 ಕಿ.ಮೀ. ನೈರೋಬಿಯಿಂದ ಲೇಗೋಸ್‌ಗೆ ಅದಕ್ಕಿಂತ ಸಾವಿರ ಕಿ.ಮೀ. ಕಡಿಮೆ, ಅಷ್ಟೇ. ಇದನ್ನು ಹೇಳಿದಾಗ ಆಂಟಿ ಸುಮ್ಮನಾದರು.

ರಸ್ತೆಯ ಮಾತು ಬೇರೆ. ಲೇಗೋಸ್‌ನಿಂದ ಕೀನ್ಯಾದ ಮೊಂಬಾಸಾವರೆಗೆ ಒಂದು ಹೆದ್ದಾರಿ ಕಾಗದದ ಮೇಲಿದೆ. ಆಫ್ರಿಕಾ ದಾಟುವ ಒಂಬತ್ತು ಹೆದ್ದಾರಿಗಳ ಯೋಜನೆಯಲ್ಲಿ ಅದು ಎಂಟನೆಯದು. ಯೌಂಡೆ, ಬಾಂಗಿ, ಕಿಸಾಂಗಾನಿ, ಕಂಪಾಲಾ, ನೈರೋಬಿ ಮೂಲಕ ಹೋಗುವ ಅದರ ಉದ್ದ 6,200 ಕಿ.ಮೀ.ಗೂ ಜಾಸ್ತಿ. ಆದರೆ ನಡುವೆ ಕಾಂಗೋದ ಕಾಡು ಬಂದಲ್ಲಿ ಹೆದ್ದಾರಿ ಅನ್ನುವ ಹೆಸರು ಮಾತ್ರ ಉಳಿಯುತ್ತದೆ. ಮಳೆ ಬಂದರೆ ಕೆಸರು, ಎಷ್ಟೋ ಕಡೆ ಬರೀ ಕಾಲುದಾರಿ. ಇಷ್ಟು ದಿನದಲ್ಲಿ ತಲುಪುತ್ತೇವೆ ಅಂತ ಲೆಕ್ಕ ಕೊಡುವ ದಾರಿ ಅಲ್ಲ ಅದು.

ವಿಮಾನ ಒಳಗಿನಿಂದ

ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಬೋಯಿಂಗ್ 737 ಸ್ವಲ್ಪ ನಿಧಾನ, ಡ್ರೀಮ್‌ಲೈನರ್ 900ರ ಹತ್ತಿರ. 3,830ನ್ನು 850ರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆ. ಏರುವಾಗ ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಐದು ಗಂಟೆ. ಜಗತ್ತಿನ ಯಾವ ಎರಡು ಊರಿಗಾದರೂ ಈ ಸೂತ್ರ ಹಾಕಿ ನೋಡಿ, ಬಹುತೇಕ ಹತ್ತಿರಕ್ಕೆ ಬರುತ್ತದೆ.

ಟಿಕೆಟ್ಟಿನಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಬರೆದಿರುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ನಮ್ಮ ಸೂತ್ರದಲ್ಲಿ ಎರಡೂವರೆ ಗಂಟೆ. ಟಿಕೆಟ್ಟಿನಲ್ಲಿ ಎರಡೂಮುಕ್ಕಾಲು ಇರುತ್ತದೆ. ಕಂಪನಿಯ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಅಲುಗಾಡಿದ ಕ್ಷಣದಿಂದ, ಮುಗಿಯುವುದು ಇನ್ನೊಂದು ಊರಿನಲ್ಲಿ ಪೂರ್ತಿ ನಿಂತ ಮೇಲೆ. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ತಡವಾದರೆ ಇರಲಿ ಅಂತ ಇಟ್ಟುಕೊಂಡ ಹತ್ತು ನಿಮಿಷ, ಎಲ್ಲ ಅದರೊಳಗೇ.

ಆಂಟಿ ಇಲ್ಲೊಂದು ಒಳ್ಳೆಯ ಪ್ರಶ್ನೆ ಕೇಳಿದರು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ವಿಮಾನ ಮೇಲೆ ಹೋದಾಗ ಕೆಳಗೆ ಭೂಮಿ ಸರಿದು ಲೇಗೋಸ್ ತಾನೇ ಹತ್ತಿರ ಬರಬೇಕಲ್ಲ? ಬರುವುದಿಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತಿದೆ, ಗಾಳಿಯೊಳಗಿರುವ ವಿಮಾನವೂ. ಓಡುವ ರೈಲಿನೊಳಗೆ ನೊಣ ಹಾರಿದರೆ ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲವಲ್ಲ, ಹಾಗೆ.

ಹೊತ್ತು ಬದಲಾಯಿಸುವುದು ಭೂಮಿ ತಿರುಗುವುದಲ್ಲ, ಆ ಎತ್ತರದಲ್ಲಿ ಬೀಸುವ ಗಾಳಿ. ದೆಹಲಿಯಿಂದ ಲಂಡನ್‌ಗೆ ಹೋಗುವಾಗ ಬರುವಾಗಿಗಿಂತ ಸುಮಾರು ಒಂದು ಗಂಟೆ ಜಾಸ್ತಿ ಹಿಡಿಯುವುದು ಅದಕ್ಕೇ. ಆ ಕಡೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ. ಭೂಮಧ್ಯರೇಖೆಯ ಹತ್ತಿರ ಆ ಹೊಳೆ ಇಲ್ಲ. ಅಲ್ಲಿ ಮೇಲ್ಗಾಳಿ ಹಗುರ, ಬಹಳ ಸಲ ಪೂರ್ವದಿಂದಲೇ ಬೀಸುತ್ತದೆ. ಹಾಗಾಗಿ ನೈರೋಬಿ ಲೇಗೋಸ್ ದಾರಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಈ ಪೂರ್ವದ ಗಾಳಿಗೂ ನಮಗೂ ನೆಂಟಸ್ತಿಕೆ ಇದೆ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, 14ರಿಂದ 16 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದರ ಬಗ್ಗೆ ಬರೆದರು. ನಾವು ಕೊಡೆ ಹಿಡಿದುಕೊಂಡು ನಡೆಯುವಾಗ ತಲೆಯ ಮೇಲೆ ಅಷ್ಟೆತ್ತರದಲ್ಲಿ ಹೋಗುವ ಆ ಗಾಳಿ ಅರಬ್ಬಿ ಸಮುದ್ರ ದಾಟಿ ಆಫ್ರಿಕಾದವರೆಗೂ ಹೋಗುತ್ತದೆ. ಪ್ರಯಾಣಿಕರ ವಿಮಾನ ಹಾರುವುದು 10ರಿಂದ 12 ಕಿ.ಮೀ.ನಲ್ಲಿ. ಹೊಳೆಯ ನಡುವಿಗೆ ಹೋಗುವುದಿಲ್ಲ, ಬಿಡಿ.

ಆ ಐದು ಗಂಟೆಯಲ್ಲಿ ಕಿಟಕಿ ಪಕ್ಕ ಕೂತವನಿಗೆ ಏನು ಕಾಣಬಹುದು? ನೇರ ಗೆರೆಯಲ್ಲೇ ಹೋದರೆ ಮೊದಲು ವಿಕ್ಟೋರಿಯಾ ಸರೋವರ. ನಂತರ ಉಗಾಂಡಾ ಮತ್ತು ಕಾಂಗೋ ಗಡಿಯ ರುವೆನ್‌ಜೋರಿ ಬೆಟ್ಟಗಳು, ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದರೂ ತುದಿಯಲ್ಲಿ ಹಿಮ ಹೊತ್ತವು. ಆಮೇಲೆ ಗಂಟೆಗಟ್ಟಲೆ ಹಸಿರು. ಕಾಂಗೋ ಕಾಡು ಮುಗಿಯುವುದೇ ಇಲ್ಲ. ಕ್ಯಾಮರೂನ್ ದಾಟಿದ ಮೇಲೆ ನೈಜೀರಿಯಾ.

ಆ ಕಾಡಿನ ಮೇಲೆ ಪೈಲಟ್‌ಗಳಿಗೆ ಕೆಲಸ ಜಾಸ್ತಿ. ಪ್ರಪಂಚದಲ್ಲೇ ಅತಿ ಹೆಚ್ಚು ಸಿಡಿಲು ಬಡಿಯುವ ಜಾಗಗಳಲ್ಲಿ ಕಾಂಗೋ ಕಣಿವೆಯೂ ಒಂದು. ಮಧ್ಯಾಹ್ನದ ಬಿಸಿಲಿಗೆ ತೇವದ ಗಾಳಿ ಮೇಲೆದ್ದು ಗುಡುಗು ಮೋಡ ಕಟ್ಟುತ್ತದೆ. ಅವು 15 ಕಿ.ಮೀ. ಎತ್ತರಕ್ಕೂ ಏರುತ್ತವೆ. ಮೇಲಿಂದ ದಾಟೋಣ ಅಂದರೆ ವಿಮಾನಕ್ಕೆ ಅಷ್ಟು ಎತ್ತರ ಆಗುವುದಿಲ್ಲ. ಒಳಗೆ ನುಗ್ಗುವ ಹಾಗಂತೂ ಇಲ್ಲವೇ ಇಲ್ಲ. ರಡಾರ್‌ನಲ್ಲಿ ಕೆಂಪಗೆ ಕಂಡದ್ದನ್ನು ಬಳಸಿಕೊಂಡು ಹೋಗಬೇಕು. ಆಗ 3,830 ಅಂದದ್ದು ಇನ್ನಷ್ಟಾಗುತ್ತದೆ. ಲೇಗೋಸ್ ಕಡೆ ಬೇರೆ ತಲೆನೋವು: ನವೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾದಿಂದ ಹರ್ಮಟಾನ್ ಅನ್ನುವ ಒಣಗಾಳಿ ಧೂಳು ಹೊತ್ತು ತರುತ್ತದೆ. ಧೂಳು ದಟ್ಟವಾದ ದಿನ ರನ್‌ವೇ ಕಾಣದೆ ವಿಮಾನಗಳು ತಡವಾಗುವುದು, ರದ್ದಾಗುವುದು ಅಲ್ಲಿ ಮಾಮೂಲು.

ಊರಿನ ಎತ್ತರವೂ ಲೆಕ್ಕಕ್ಕಿದೆ. ಲೇಗೋಸ್ ಸಮುದ್ರದ ಪಕ್ಕ. ನೈರೋಬಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 1,600 ಮೀಟರ್‌ಗೂ ಮೇಲೆ. ಜೊಹಾನ್ಸ್‌ಬರ್ಗ್ ಸುಮಾರು 1,700, ಇಥಿಯೋಪಿಯಾದ ಅಡಿಸ್ ಅಬಾಬಾ 2,300ಕ್ಕೂ ಜಾಸ್ತಿ. ನಮ್ಮ ಬೆಂಗಳೂರು ನಿಲ್ದಾಣ 915 ಮೀಟರ್‌ನಲ್ಲಿದೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳು. ರೆಕ್ಕೆಗೆ ಆತುಕೊಳ್ಳಲು ಗಾಳಿ ಕಡಿಮೆ, ಇಂಜಿನ್‌ಗೂ ಕಡಿಮೆ. ನೆಲ ಬಿಡಬೇಕಾದರೆ ಇನ್ನೂ ಜೋರಾಗಿ, ಇನ್ನೂ ದೂರ ಓಡಬೇಕು. ನೈರೋಬಿಯಲ್ಲಿ 4 ಕಿ.ಮೀ.ಗಿಂತ ಉದ್ದದ ರನ್‌ವೇ, ಜೊಹಾನ್ಸ್‌ಬರ್ಗ್‌ನಲ್ಲಿ 4.4 ಕಿ.ಮೀ.ನದ್ದು ಇರುವುದು ಸುಮ್ನೆ ಶೋಕಿಗಲ್ಲ. ರನ್‌ವೇ ಸಾಲದಿದ್ದರೆ ತೂಕ ಇಳಿಸಬೇಕು. ಜನ, ಸಾಮಾನು ಇಲ್ಲವೇ ಇಂಧನ, ಯಾವುದನ್ನಾದರೂ ಬಿಡಬೇಕು. ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ವಾಷಿಂಗ್ಟನ್‌ನಿಂದ ಅಡಿಸ್ ಅಬಾಬಾಕ್ಕೆ ಎಲ್ಲೂ ನಿಲ್ಲದೆ ಬರುತ್ತಿದ್ದ ದಿನಗಳಲ್ಲೇ, ಅಡಿಸ್‌ನಿಂದ ಹೋಗುವಾಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿತ್ತು. ಹೋಗುವಾಗ ಎದುರುಗಾಳಿ ಬೇರೆ. ಆಂಟಿ ಕೇಳಿದ "ಎಲ್ಲಾದ್ರೂ ನಿಲ್ಲಿಸ್ತಾರಾ" ಅನ್ನುವ ಪ್ರಶ್ನೆ ನೋಡಿ, ಅಷ್ಟೇನೂ ದಡ್ಡ ಪ್ರಶ್ನೆ ಅಲ್ಲ.

ಐವತ್ತು ಕಿಲೋಮೀಟರ್ ಜಾಸ್ತಿ, ಗಂಟೆಗಟ್ಟಲೆ ತಡ

ಆಂಟಿಯ ಮಗನಿಗೆ ನೇರ ವಿಮಾನ ಸಿಕ್ಕಿತ್ತು. ಎಲ್ಲ ದಿನವೂ ಸಿಗುವುದಿಲ್ಲ, ಸಿಕ್ಕರೂ ದುಡ್ಡು ಜಾಸ್ತಿ. ಆಗ ಬದಲಾಯಿಸಿ ಹೋಗಬೇಕು. ಇಲ್ಲಿ ಕಿಲೋಮೀಟರ್ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ರುವಾಂಡಾದ ಕಿಗಾಲಿ ಮೂಲಕ ಹೋದರೆ ನೋಡಿ. ನೈರೋಬಿಯಿಂದ ಕಿಗಾಲಿಗೆ ಸುಮಾರು 760 ಕಿ.ಮೀ., ಕಿಗಾಲಿಯಿಂದ ಲೇಗೋಸ್‌ಗೆ ಸುಮಾರು 3,120. ಒಟ್ಟು 3,880. ನೇರ ದಾರಿಗಿಂತ ಐವತ್ತೇ ಕಿ.ಮೀ. ಜಾಸ್ತಿ, ವಿಮಾನಕ್ಕೆ ನಾಲ್ಕು ನಿಮಿಷದ ದಾರಿ. ನಕ್ಷೆಯಲ್ಲಿ ಕಿಗಾಲಿ ಹೆಚ್ಚುಕಡಿಮೆ ದಾರಿಯ ಮೇಲೇ ಬರುತ್ತದೆ. ಆದರೂ ಮಂಡ್ಯದಲ್ಲಿ ಇಳಿದು ಮೈಸೂರು ಬಸ್ ಹಿಡಿದಷ್ಟು ಸಲೀಸಲ್ಲ. ಇಳಿಯಬೇಕು, ಮತ್ತೆ ತಪಾಸಣೆ, ಮುಂದಿನ ವಿಮಾನದ ತನಕ ಕಾಯಬೇಕು, ಮತ್ತೆ ಏರಬೇಕು. ಇಳಿದು ಏರುವುದೊಂದೇ ಅರ್ಧ ಗಂಟೆ ನುಂಗುತ್ತದೆ. ಕಾಯುವುದು ಎರಡು ಗಂಟೆಯೋ ಹತ್ತು ಗಂಟೆಯೋ, ಅದು ಅವತ್ತಿನ ವೇಳಾಪಟ್ಟಿಯ ಮರ್ಜಿ.

ಅಡಿಸ್ ಅಬಾಬಾ ಮೂಲಕ ಹೋದರೆ ಮೊದಲು ಉತ್ತರಕ್ಕೆ 1,160 ಕಿ.ಮೀ. ಹೋಗಿ, ಅಲ್ಲಿಂದ ಪಶ್ಚಿಮಕ್ಕೆ 3,900. ಐದು ಸಾವಿರ ದಾಟುತ್ತದೆ. ಆದರೂ ಎಷ್ಟೋ ಜನ ಆ ದಾರಿಯನ್ನೇ ಹಿಡಿಯುತ್ತಾರೆ. ಅಲ್ಲಿಂದ ಖಂಡದ ಮೂಲೆಮೂಲೆಗೂ ವಿಮಾನವಿದೆ, ಒಂದು ತಪ್ಪಿದರೆ ಇನ್ನೊಂದು. ದುಬೈ ಮೂಲಕ ಹೋಗುವವರೂ ಇದ್ದಾರೆ, 9,400 ಕಿ.ಮೀ. ಆಸುಪಾಸು. ಒಂದು ಆಫ್ರಿಕಾ ಊರಿನಿಂದ ಇನ್ನೊಂದಕ್ಕೆ ಹೋಗಲು ಏಷ್ಯಾಕ್ಕೆ ಬಂದು ಹೋಗುವುದು! ಮೂಗು ಮುಟ್ಟೋಕೆ ತಲೆ ಸುತ್ತಿ ಕೈ ತಂದ ಹಾಗೆ.

ಯಾಕೆ ಹೀಗೆ? ಒಂದು ಕಾರಣ ಹಳೆಯದು. ವಸಾಹತು ಕಾಲದಲ್ಲಿ ಹಡಗು, ರೈಲು, ವಿಮಾನ ಎಲ್ಲವೂ ಆಳುವವರ ಊರಿನ ಕಡೆಗೆ ಮುಖ ಮಾಡಿದ್ದವು: ಲಂಡನ್, ಪ್ಯಾರಿಸ್, ಲಿಸ್ಬನ್. ಪಕ್ಕದ ದೇಶಕ್ಕೆ ಹೋಗುವ ದಾರಿಯ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆ. ಸ್ವಾತಂತ್ರ್ಯ ಬಂದ ಮೇಲೂ ಆ ಗೆರೆಗಳು ಬೇಗ ಅಳಿಸಲಿಲ್ಲ.

ಇನ್ನೊಂದು ಕಾರಣ ಕಾಗದಪತ್ರದ್ದು. ಒಂದು ದೇಶದ ವಿಮಾನ ಇನ್ನೊಂದು ದೇಶದಲ್ಲಿ ಇಳಿಯಬೇಕಾದರೆ ಎರಡೂ ಸರ್ಕಾರ ಕೂತು ಒಪ್ಪಂದ ಮಾಡಿಕೊಳ್ಳಬೇಕು. ವಾರಕ್ಕೆ ಎಷ್ಟು ಸಲ, ಯಾವ ಊರಿಗೆ, ಯಾವ ಕಂಪನಿ ಅಂತ. ಎಷ್ಟೋ ಸರ್ಕಾರಗಳಿಗೆ ತಮ್ಮದೇ ಸರ್ಕಾರಿ ವಿಮಾನ ಕಂಪನಿ ಇದೆ, ಅದನ್ನು ಕಾಪಾಡಿಕೊಳ್ಳುವ ಆಸೆ. ಪಕ್ಕದವರಿಗೆ ಬಾಗಿಲು ಪೂರ್ತಿ ತೆರೆಯಲು ಮನಸ್ಸು ಬರುವುದಿಲ್ಲ. ಇದನ್ನು ಸರಿಪಡಿಸಲು ಐವರಿ ಕೋಸ್ಟ್‌ನ ಯಮೂಸುಕ್ರೋದಲ್ಲಿ 1988ರಲ್ಲಿ ಒಂದು ಘೋಷಣೆ ಆಯಿತು, 1999ರಲ್ಲಿ ಒಂದು ತೀರ್ಮಾನ ಆಯಿತು. ಆಫ್ರಿಕಾದ ವಿಮಾನಗಳಿಗೆ ಆಫ್ರಿಕಾದ ಆಕಾಶ ಮುಕ್ತವಾಗಿರಲಿ ಅನ್ನುವುದು ಸಾರಾಂಶ. 2018ರ ಜನವರಿಯಲ್ಲಿ ಆಫ್ರಿಕನ್ ಯೂನಿಯನ್ ಅದನ್ನೇ ಒಂದೇ ವಿಮಾನ ಮಾರುಕಟ್ಟೆ ಅನ್ನುವ ಹೆಸರಿನಲ್ಲಿ ಮತ್ತೆ ಶುರು ಮಾಡಿತು. ಮೂವತ್ತು ವರ್ಷ ಒಂದೇ ಮಾತನ್ನು ಮೂರು ಸಲ ಹೇಳಬೇಕಾಯಿತು ಅಂದರೆ ಕೆಲಸ ಎಷ್ಟು ನಿಧಾನ ನಡೆದಿದೆ ಅಂತ ನೀವೇ ಊಹಿಸಿ.

ಮೂರನೆಯದು ಜಗಳ. ವಿಮಾನ ಇಳಿಯದೆ ಬರೀ ಮೇಲೆ ಹಾದುಹೋಗುವುದಕ್ಕೂ ಅಪ್ಪಣೆ ಬೇಕು. ಬೇಲಿ ನೆಲದ ಮೇಲಷ್ಟೇ ಅಲ್ಲ, ಆಕಾಶದಲ್ಲೂ ಇದೆ. ವರ್ಣಭೇದ ನೀತಿಯ ಕಾಲದಲ್ಲಿ, 1963ರಿಂದ, ಆಫ್ರಿಕಾದ ಬಹುತೇಕ ದೇಶಗಳು ಸೌತ್ ಆಫ್ರಿಕನ್ ಏರ್‌ವೇಸ್‌ಗೆ ತಮ್ಮ ಆಕಾಶವನ್ನು ಮುಚ್ಚಿದವು. ಜೊಹಾನ್ಸ್‌ಬರ್ಗ್‌ನಿಂದ ಯುರೋಪಿಗೆ ಹೋಗಬೇಕಾದ ವಿಮಾನಗಳು ಖಂಡದ ಪಶ್ಚಿಮದ ಉಬ್ಬನ್ನು ಪೂರ್ತಿ ಬಳಸಿ, ಸಮುದ್ರದ ಮೇಲೇ ಹಾರಿ, ನಡುವೆ ಕೇಪ್ ವರ್ಡೆಯ ಸಾಲ್ ಅನ್ನುವ ಪುಟ್ಟ ದ್ವೀಪದಲ್ಲಿ ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ಮರ ಗಿಡ ಹೆಚ್ಚಿಲ್ಲದ ಆ ಒಣ ದ್ವೀಪದಲ್ಲಿ ದೊಡ್ಡ ದೊಡ್ಡ ಜೆಟ್‌ಗಳು ಬಂದು ಇಳಿಯುತ್ತಿದ್ದವು. ನಿಲ್ಲದೆ ಅಷ್ಟು ದೂರ ಸುತ್ತಬೇಕು ಅಂತಲೇ ಆ ಕಂಪನಿ 1976ರಲ್ಲಿ ಬೋಯಿಂಗ್ 747ರ ಒಂದು ಗಿಡ್ಡ ಮಾದರಿಯನ್ನು ತರಿಸಿಕೊಂಡಿತು. ಅದು ತೂಕ ಕಡಿಮೆ, ಹೋಗುವ ದೂರ ಜಾಸ್ತಿ.

ಇಂಥ ಜಗಳ ಈಗಲೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಜೀರಿಯಾ ಮೊರಾಕೋದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಅಲ್ಜಿಯರ್ಸ್ ಮತ್ತು ಕಾಸಾಬ್ಲಾಂಕಾ ನಡುವೆ ನೇರ ದೂರ ಸುಮಾರು 1,050 ಕಿ.ಮೀ., ನಮ್ಮ ಸೂತ್ರದಲ್ಲಿ ಒಂದೂಮುಕ್ಕಾಲು ಗಂಟೆ. ನೇರ ವಿಮಾನ ನಿಂತು ಹೋದ ಮೇಲೆ ಆ ಎರಡು ಊರಿನ ನಡುವೆ ನೆಂಟರಿದ್ದವರು ಟ್ಯೂನಿಸ್‌ಗೋ ಯುರೋಪಿಗೋ ಹೋಗಿ ಬರಬೇಕಾಯಿತು. ಸುಡಾನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಆಕಾಶವೂ ಮುಚ್ಚಿತು. ಸುಡಾನ್ ಕೈರೋದ ಕೆಳಗೇ ಇದೆ. ನಾನು ಮೇಲೆ ಬಾಯಲ್ಲೇ ಲೆಕ್ಕ ಹಾಕಿದ ಕೈರೋ ಜೊಹಾನ್ಸ್‌ಬರ್ಗ್ ನೇರ ಗೆರೆ ಆ ದೇಶದ ಮೇಲಿಂದಲೇ ಹೋಗುತ್ತದೆ. ದಾರದ ಅಳತೆ 6,250. ವಿಮಾನದ ಅಳತೆ ಅದಲ್ಲ.

ಇದಕ್ಕೆಲ್ಲ ತದ್ವಿರುದ್ಧದ ಉದಾಹರಣೆ ಕಿನ್ಶಾಸಾ ಮತ್ತು ಬ್ರಾಜವಿಲ್. ಎರಡು ಬೇರೆ ದೇಶಗಳ ರಾಜಧಾನಿಗಳು, ಕಾಂಗೋ ನದಿಯ ಈ ದಡದಲ್ಲೊಂದು, ಆ ದಡದಲ್ಲೊಂದು. ಹೆಚ್ಚುಕಡಿಮೆ ಕೂಗಳತೆ ದೂರ. ಒಂದು ಊರಿನಲ್ಲಿ ನಿಂತರೆ ಇನ್ನೊಂದರ ಕಟ್ಟಡ ಕಾಣುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವೆ 26 ಕಿ.ಮೀ., ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವುದಕ್ಕಿಂತ ಹತ್ತಿರ. ಆದರೆ ನಡುವೆ ಸೇತುವೆಯಿಲ್ಲ. ದೋಣಿ ಹತ್ತಬೇಕು, ಎರಡೂ ದಡದಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ನೀರಿನ ಮೇಲೆ ನಿಮಿಷಗಳು, ದಡದ ಮೇಲೆ ಗಂಟೆಗಳು.

ಇಳಿದ ಮೇಲೆ

ವೆಬ್‌ಸೈಟುಗಳು ಕೊಡುವ "ಪ್ರಯಾಣದ ಅವಧಿ" ವಿಮಾನದ ಬಾಗಿಲಿಗೇ ಮುಗಿಯುತ್ತದೆ. ಮನುಷ್ಯನ ಪ್ರಯಾಣ ಮುಗಿಯುವುದಿಲ್ಲ. ಲೇಗೋಸ್ ವಿಮಾನ ನಿಲ್ದಾಣ ಇರುವುದು ಇಕೇಜಾದಲ್ಲಿ. ದೊಡ್ಡ ಆಫೀಸುಗಳು ವಿಕ್ಟೋರಿಯಾ ಐಲ್ಯಾಂಡ್‌ನಲ್ಲಿ, ನೀರಿನ ಆಚೆ. ನಡುವೆ ಹತ್ತು ಕಿ.ಮೀ.ಗಿಂತ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಸೇತುವೆ. ಅಲ್ಲಿ ಟ್ರಾಫಿಕ್ ಜಾಮ್‌ಗೆ ಜನ ಗೋ-ಸ್ಲೋ ಅಂತಾರೆ. ಹೆಸರಿನಲ್ಲೇ ಗೊತ್ತಾಗುತ್ತದಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಪಳಗಿದ ಬೆಂಗಳೂರಿನವರಿಗೆ ಹೊಸದೇನಲ್ಲ. ನೈರೋಬಿಯಲ್ಲಿ ಈಗ ಸ್ವಲ್ಪ ವಾಸಿ, 2022ರಲ್ಲಿ 27 ಕಿ.ಮೀ.ನ ಎಕ್ಸ್‌ಪ್ರೆಸ್‌ವೇ ಆಗಿದೆ. ಟೋಲ್ ಕೊಟ್ಟರೆ ಊರಿನ ತಲೆಯ ಮೇಲಿಂದ ಹೋಗಬಹುದು.

ಇನ್ನೊಂದು, ಹಳದಿ ಜ್ವರದ ಲಸಿಕೆ. ಈ ದೇಶಗಳಿಂದ ಭಾರತಕ್ಕೆ ಬರುವವರ ಕೈಯಲ್ಲಿ ಆ ಲಸಿಕೆಯ ಚೀಟಿ ಇರಬೇಕು, ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಅದಕ್ಕೆ ಬೆಲೆ. ಇಲ್ಲದಿದ್ದರೆ ನಿಲ್ದಾಣದಿಂದ ಮನೆಗಲ್ಲ, ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಕಡೆಗೆ. ಕೆಲವೇ ಗಂಟೆಗಳ ಪ್ರಯಾಣಕ್ಕೆ ಹತ್ತು ದಿನ ಮೊದಲೇ ತಯಾರಿ ಶುರು ಮಾಡಬೇಕು.

ಗಡಿಯಾರದ ಮಾತು ಒಂದು ಉಳಿದಿತ್ತು. ನೈರೋಬಿಯಲ್ಲಿ ಟ್ಯಾಕ್ಸಿಯವನಿಗೆ ಸ್ವಾಹಿಲಿಯಲ್ಲಿ ಹೊತ್ತು ಕೇಳಿದರೆ, ಬೆಳಿಗ್ಗೆ ಎಂಟು ಗಂಟೆಗೆ ಅವನು "ಸಾ ಮ್ಬಿಲಿ" ಅನ್ನಬಹುದು. ಹಾಗಂದರೆ ಎರಡು ಗಂಟೆ. ಸ್ವಾಹಿಲಿಯ ಲೆಕ್ಕ ಶುರುವಾಗುವುದು ಬೆಳಗಿನಿಂದ. ಏಳು ಗಂಟೆ ಅಂದರೆ ಒಂದು, ಎಂಟು ಅಂದರೆ ಎರಡು. ಇಥಿಯೋಪಿಯಾದಲ್ಲೂ ಹೀಗೇ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಸೂರ್ಯ ಹುಟ್ಟುವ ಹೊತ್ತು ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಈ ಲೆಕ್ಕ ಅಲ್ಲಿ ಸಲೀಸಾಗಿ ನಡೆಯುತ್ತದೆ. ವಿಮಾನದ ಟಿಕೆಟ್‌ನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿರುವ ಗಂಟೆಯೇ ಇರುತ್ತದೆ. ಟ್ಯಾಕ್ಸಿ ಹೇಳುವಾಗ ಹುಷಾರಾಗಿರಬೇಕು, ಆರು ಗಂಟೆ ಆಚೀಚೆ ಆದರೆ ವಿಮಾನ ಹೋಯಿತು.

ಇದು ಮಾತ್ರ ಆಂಟಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಅದರಲ್ಲೇನಿದೆ, ನಮ್ಮಪ್ಪ ಪಂಚಾಂಗ ನೋಡಿ ಸೂರ್ಯೋದಯದಿಂದ ಇಷ್ಟು ಗಳಿಗೆ ಅಂತಲೇ ಹೇಳ್ತಿದ್ದರು" ಅಂದರು. ಗಳಿಗೆಗೆ 24 ನಿಮಿಷ, ದಿನಕ್ಕೆ 60 ಗಳಿಗೆ, ಎಣಿಕೆ ಹೊತ್ತು ಹುಟ್ಟಿದಾಗಿನಿಂದ. ನೈರೋಬಿಯ ಟ್ಯಾಕ್ಸಿಯವನೂ ಆಂಟಿಯ ಅಪ್ಪನೂ ಕೂತರೆ ಹೊತ್ತಿನ ವಿಷಯದಲ್ಲಿ ಬೇಗ ರಾಜಿಯಾಗುತ್ತಿದ್ದರೇನೋ.

ಹೊರಡುವ ಮುಂಚೆ ಅವರಿಗೆ ಬೇಕಾಗಿದ್ದು ಒಂದೇ. ದಿನಾ ರಾತ್ರಿ ಒಂಬತ್ತಕ್ಕೆ ಮಗನಿಗೆ ಫೋನ್ ಮಾಡುವ ಅಭ್ಯಾಸ. ನಮ್ಮ ಒಂಬತ್ತು ಅಂದರೆ ನೈರೋಬಿಯಲ್ಲಿ ಸಂಜೆ ಆರೂವರೆ, ಅವನು ಮನೆ ದಾರಿಯಲ್ಲಿರುತ್ತಾನೆ. ಲೇಗೋಸ್‌ನಲ್ಲಿ ನಾಲ್ಕೂವರೆ. ಆಫೀಸಿನಲ್ಲೇ ಇರುತ್ತಾನೆ, ಎತ್ತುವುದಿಲ್ಲ. ಆಂಟಿ ಬೆರಳು ಮಡಿಸಿ ಎಣಿಸಿದರು. "ಹಾಗಾದ್ರೆ ನಾನು ಹನ್ನೊಂದರವರೆಗೆ ಎದ್ದಿರಬೇಕು" ಅಂದರು. ಎರಡು ರಾತ್ರಿ ಅವರ ಮನೆ ಟಿವಿ ಹನ್ನೊಂದರವರೆಗೆ ಓಡುತ್ತಿತ್ತು.